ಗುಂಬಜ ಬಾದಶಾಹನದು, ಫೋಟೋ ಯಾರದು?

ಮೊನ್ನೆ ಸಂಜೆ ಗಾಂಧಿ ಚೌಕದ ಚಹಾದಂಗಡಿಯಲ್ಲಿ ಕುಳಿತಿದ್ದೆ. ತಿಕೋಟಾ ಕಡೆಯ ಒಬ್ಬ ಹುಡುಗ ಹೆಗಲಿಗೆ ಕ್ಯಾಮೆರಾ ಚೀಲ ಹಾಕಿಕೊಂಡು ಬಂದು ಎದುರಿಗೆ ಕುಳಿತ. ಪರಿಚಯದವನೇ. ಅವರಪ್ಪನದು ನಾಲ್ಕೆಕರೆ ದ್ರಾಕ್ಷಿ ತೋಟ. ಮಗ ಡಿಗ್ರಿ ಮುಗಿಸಿ ಮೂರು ವರ್ಷದಿಂದ ಮದುವೆ, ಕುಬಸ, ಜಾವಳ ಅಂತ ಊರೂರು ತಿರುಗಿ ಫೋಟೋ ತೆಗೆಯುತ್ತಾನೆ.

“ಕಾಕಾ, ಬೆಂಗಳೂರಿಗೆ ಹೋಗಬೇಕಂತ ಮಾಡೀನ್ರಿ. ಪೇಪರಿಗೆ, ವಾರಪತ್ರಿಕೆಗೆ ಬಿಡಿಬಿಡಿಯಾಗಿ ಫೋಟೋ ಕೊಟ್ಟು ಬದುಕೂದು. ಫ್ರೀಲಾನ್ಸ್ ಅಂತಾರಲ್ರಿ, ಅದು. ಹೋಗ್ಲೋ ಬ್ಯಾಡೋ ನೀವ ಹೇಳ್ರಿ.”

“ಅಲ್ಲೋ ತಮ್ಮಾ, ಊರಾಗ ಏನ ಕಮ್ಮಿ ಆಗೇತಿ ನಿನಗ?” ಅಂದೆ.

ಅವನು ಉತ್ತರ ಕೊಡಲಿಲ್ಲ. ಚಹಾ ಮುಗಿಸಿ ನನ್ನನ್ನು ಚೌಕದ ಆಚೆ ಕರೆದೊಯ್ದು ಒಂದು ಫ್ಲೆಕ್ಸ್ ತೋರಿಸಿದ. ಶುಭಾಶಯದ ಫ್ಲೆಕ್ಸ್. ಮೇಲೆ ನಾಲ್ಕು ಮಂದಿ ಮುಖಂಡರು, ಕೆಳಗೆ ಹನ್ನೊಂದು ಮಂದಿ ಅಭಿಮಾನಿಗಳು, ಅವರೆಲ್ಲರ ಬೆನ್ನ ಹಿಂದೆ ಚಳಿಗಾಲದ ಮಂಜಿನಲ್ಲಿ ಎದ್ದು ನಿಂತ ಗೋಲಗುಂಬಜ.

“ಆ ಗುಂಬಜ ನಂದ್ರಿ” ಅಂದ.

“ಬಾದಶಾಹಂದಲ್ಲೇನೋ?” ಎಂದು ನಕ್ಕೆ.

“ಗುಂಬಜ ಬಾದಶಾಹಂದು. ಫೋಟೋ ನಂದು.”

ಆ ಒಂದು ಚಿತ್ರಕ್ಕಾಗಿ ನಾಲ್ಕು ದಿನ ನಸುಕಿನ ಐದಕ್ಕೆ ಎದ್ದು ಬಂದಿದ್ದನಂತೆ. ಮೂರು ದಿನ ಮಂಜು ಬೀಳಲಿಲ್ಲ. ಫ್ಲೆಕ್ಸಿನಲ್ಲಿ ಹದಿನೈದು ಮುಖಗಳಿಗೂ ಹೆಸರಿದೆ. ಮೂಲೆಯಲ್ಲಿ ಮುದ್ರಿಸಿದವನ ಫೋನ್ ನಂಬರೂ ಇದೆ. ಫೋಟೋ ತೆಗೆದವನ ಹೆಸರೊಂದೇ ಇಲ್ಲ. ಕೇಳಲು ಹೋದರೆ ಸಿಕ್ಕ ಉತ್ತರ: “ನಿನ್ನ ಫೋಟೋ ಊರ ಮಂದಿಯೆಲ್ಲಾ ನೋಡಾಕತ್ತಾರ. ಮ್ಯಾಲ ರೊಕ್ಕನೂ ಬೇಕೇನು?”

ಓದುಗ ಮಹಾಶಯರೇ, ಇವತ್ತಿನ ಮಾತು ಈ ಉತ್ತರದ ಬಗ್ಗೆ.

ಮುಂಬಯಿಯ ನಾಲ್ಕು ವರ್ಷ

ಮರುದಿನ ಹುಡುಗನನ್ನು ಬಬಲೇಶ್ವರಕ್ಕೆ ಕರೆದುಕೊಂಡು ಹೋದೆ. ಅಲ್ಲಿ ನನ್ನ ಹಳೆಯ ಸ್ನೇಹಿತರೊಬ್ಬರ ಫೋಟೋ ಸ್ಟುಡಿಯೋ ಇದೆ. ಈಗ ಮಗ ನಡೆಸುತ್ತಾನೆ, ಅವರು ಗಲ್ಲಾದ ಮುಂದೆ ಕುಳಿತಿರುತ್ತಾರೆ. ಪಾಸ್‌ಪೋರ್ಟ್ ಸೈಜಿನ ಫೋಟೋಕ್ಕೆ ಬಂದವರಿಗೆ ಗೊತ್ತಿರಲಿಕ್ಕಿಲ್ಲ, ಈ ಮನುಷ್ಯ 1982ರಿಂದ ನಾಲ್ಕು ವರ್ಷ ಮುಂಬಯಿಯ ಪತ್ರಿಕೆಗಳಿಗೆ ಬಿಡಿ ಛಾಯಾಗ್ರಾಹಕರಾಗಿ ದುಡಿದವರು.

ಆ ವರ್ಷದ ಜನವರಿಯಲ್ಲಿ ಗಿರಣಿ ಕಾರ್ಮಿಕರ ದೊಡ್ಡ ಮುಷ್ಕರ ಶುರುವಾಗಿತ್ತು. ಇವರ ಸೋದರಮಾವ ಪರೇಲಿನ ಒಂದು ಗಿರಣಿಯಲ್ಲಿದ್ದರು. ಚಾಳಿನ ಒಂದೇ ಖೋಲಿಯಲ್ಲಿ ಇವರು ಒಂಬತ್ತನೆಯವರಾಗಿ ಮಲಗಿದರು. ಬೀಗ ಬಿದ್ದ ಗಿರಣಿ ಬಾಗಿಲಿನ ಮುಂದೆ ಬುತ್ತಿ ಡಬ್ಬಿ ಹಿಡಿದು ಸುಮ್ಮನೆ ಕುಳಿತ ಮಾವನ ಚಿತ್ರವೇ ಇವರು ಮಾರಿದ ಮೊದಲ ಚಿತ್ರ.

ಹುಡುಗ ಲೆಕ್ಕ ಕೇಳಿದ. ಅವರು ಬೆರಳು ಮಡಚಿ ಹೇಳಿದರು. ನೌಕರಿಯ ಛಾಯಾಗ್ರಾಹಕನಿಗೆ ಕ್ಯಾಮೆರಾ ಕಚೇರಿಯದು, ರೋಲು ಕಚೇರಿಯದು, ಒಂದನೇ ತಾರೀಖಿಗೆ ಸಂಬಳ. ಬಿಡಿಯವನಿಗೆ ಕ್ಯಾಮೆರಾ ತನ್ನದು, 36 ಚಿತ್ರದ ರೋಲು ತನ್ನದು, ತೊಳೆಸುವ ಖರ್ಚು ತನ್ನದು, ಲೋಕಲ್ ರೈಲಿನ ಪಾಸೂ ತನ್ನದೇ. ಇಪ್ಪತ್ತು ಪ್ರಿಂಟು ಒಯ್ದರೆ ಒಂದು ಇಟ್ಟುಕೊಳ್ಳುತ್ತಾರೆ. ಅದು ಅಚ್ಚಾದರೆ ಮಾತ್ರ ರೊಕ್ಕ. ರೊಕ್ಕ ಕೈಗೆ ಬರುವುದು ಅಚ್ಚಾಗಿ ಎರಡು ಮೂರು ತಿಂಗಳಿಗೆ. ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿದರೆ ಅದರ ರಿಪೇರಿಗೆ ಮತ್ತೆ ಸಾಲ.

ಕಡೆಗೆ ಊರಿಗೆ ಮರಳಿದ್ದು ಹಸಿವೆಗೆ ಹೆದರಿ ಅಲ್ಲ. ಆಗ ಬಣ್ಣದ ಮುಖಪುಟಕ್ಕೆ ಟ್ರಾನ್ಸ್‌ಪರೆನ್ಸಿ ಕೊಡಬೇಕಾಗಿತ್ತು. ಅದಕ್ಕೆ ಬೇರೆ ನೆಗೆಟಿವ್ ಇರುವುದಿಲ್ಲ, ಆ ಸಣ್ಣ ತುಂಡು ಫಿಲ್ಮೇ ಮೂಲ. ಇವರು ಒಂದು ವಾರಪತ್ರಿಕೆಗೆ ಕೊಟ್ಟರು. ಮುಖಪುಟದಲ್ಲಿ ಚಂದವಾಗಿ ಬಂತು. ಹೆಸರು ಹಾಕಲಿಲ್ಲ. ಟ್ರಾನ್ಸ್‌ಪರೆನ್ಸಿಯೂ ವಾಪಸು ಬರಲಿಲ್ಲ. ಹನ್ನೊಂದು ಸಲ ಆ ಕಚೇರಿಯ ಬಾಗಿಲಿಗೆ ಹೋದರು. ಹನ್ನೆರಡನೇ ಸಲ “ಕಳೆದಿದೆ” ಎಂದರು. ರಶೀದಿ ಇವರೂ ಕೇಳಿರಲಿಲ್ಲ, ಅವರೂ ಕೊಟ್ಟಿರಲಿಲ್ಲ.

“ಯಾಕ ಕೇಳಲಿಲ್ರಿ ಮಾಮಾ?” ಅಂದ ಹುಡುಗ.

“ಕೇಳೂದು ಗೊತ್ತಿದ್ರ ತಾನ ಕೇಳಾಕ? ಊರಾಗ ಯಾರು ಕೇಳಿದ್ರೂ ಪುಕ್ಕಟೆ ಕೊಟ್ಟು ಕೊಟ್ಟು ರೂಢಿ ಬಿದ್ದಿತ್ತು. ಇಲ್ಲೆ ಬಾಯಿ ತೆಗೀಲಾರದಂವಾ ಮುಂಬೈದಾಗ ಏನ ತೆಗಿತಾನ?”

ಹುಡುಗ ತಲೆ ತಗ್ಗಿಸಿದ. ನಾನೂ ತಗ್ಗಿಸಿದೆ. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

ಹೋಗಿ ಗೆದ್ದವರೂ ಇದ್ದಾರೆ

ಹಾಗಂತ ದೊಡ್ಡ ಊರಿನಲ್ಲಿ ಬಿಡಿ ಛಾಯಾಗ್ರಾಹಕ ಬದುಕಲಾರ ಎನ್ನುವುದು ಸುಳ್ಳು. ನಮ್ಮ ನಾಡಿನವರೇ ಆದ ಟಿ. ಎಸ್. ಸತ್ಯನ್ ಅವರನ್ನು ನೆನೆಯಿರಿ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. 1948ರಲ್ಲಿ, ಡೆಕ್ಕನ್ ಹೆರಾಲ್ಡ್ ಆರಂಭವಾದ ವರ್ಷವೇ, ಅದರ ಛಾಯಾಗ್ರಾಹಕರಾದರು. ಮುಂದೆ ಮುಂಬಯಿಯ ಇಲಸ್ಟ್ರೇಟೆಡ್ ವೀಕ್ಲಿ ಸೇರಿದರು. ಆಮೇಲೆ ತಿಂಗಳ ಸಂಬಳ ಬಿಟ್ಟು ಸ್ವತಂತ್ರರಾದರು. ದಿಲ್ಲಿಯಲ್ಲಿ ಬಹುಕಾಲ ನಿಂತು ಲೈಫ್, ಟೈಮ್‌ನಂಥ ಪತ್ರಿಕೆಗಳಿಗೆ ಚಿತ್ರ ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆಗೆ, ಯುನಿಸೆಫ್‌ಗೆ ಹಳ್ಳಿ ಹಳ್ಳಿ ಸುತ್ತಿದರು. 1977ರಲ್ಲಿ ಪದ್ಮಶ್ರೀ ಬಂತು. 1979 ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆಗ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲೇ ಪ್ರದರ್ಶನಗೊಂಡವು. ಮೈಸೂರಿಗೆ ಮರಳಿ 2009ರಲ್ಲಿ ತೀರಿಕೊಂಡರು.

ಅವರು ಚಿತ್ರ ತೆಗೆದದ್ದು ಬರೀ ಮಂತ್ರಿಗಳದ್ದಲ್ಲ. ಬೀದಿಯ ಮಕ್ಕಳು, ಕೂಲಿಯವರು, ಸಂತೆಯ ಮುದುಕಿಯರು. ಯಾವ ಊರಲ್ಲೂ ಸಿಗುವ ಮುಖಗಳೇ.

ಆದರೆ ಕಾಲ ಬದಲಾಗಿದೆ, ಅದನ್ನೂ ಹುಡುಗನಿಗೆ ಹೇಳಬೇಕು. ಲೈಫ್ ವಾರಪತ್ರಿಕೆ 1972ರಲ್ಲಿ ನಿಂತಿತು. ಇಲಸ್ಟ್ರೇಟೆಡ್ ವೀಕ್ಲಿ 1993ರಲ್ಲಿ ಮುಚ್ಚಿತು. ಎಂಟು ಪುಟ ಬರೀ ಚಿತ್ರಕ್ಕೇ ಬಿಟ್ಟುಕೊಡುವ ಪತ್ರಿಕೆ ಈಗ ಎಲ್ಲಿದೆ? ಬೆಂಗಳೂರಿನಲ್ಲಿ ಸಾವಿರಾರು ಕ್ಯಾಮೆರಾಗಳಿವೆ. ವಿಧಾನಸೌಧದ ಮೇಲಿನ ಕಾಮನಬಿಲ್ಲನ್ನು ತೆಗೆಯಲು ತಿಕೋಟಾದ ಹುಡುಗನೇ ಬೇಕಿಲ್ಲ.

ಅವನ ಬಂಡವಾಳ ಬೇರೆ. ದ್ರಾಕ್ಷಿ ಕಡಿಯುವ ಹೊತ್ತು ಅವನಿಗೆ ಗೊತ್ತು. ಗೊನೆಗಳನ್ನು ಔಷಧಿ ನೀರಿನಲ್ಲಿ ಅದ್ದಿ, ಶೆಡ್ಡಿನ ಬಲೆಯ ಅಟ್ಟಣಿಗೆಯ ಮೇಲೆ ಹರವಿ, ಎರಡು ವಾರದಲ್ಲಿ ಅವು ಒಣದ್ರಾಕ್ಷಿಯಾಗುವಾಗ ದಿನದಿನಕ್ಕೆ ಬಣ್ಣ ಹೇಗೆ ತಿರುಗುತ್ತದೆ ಎಂಬುದು ಗೊತ್ತು. ಅಕಾಲದ ಮೋಡ ಕವಿದಾಗ ಅಪ್ಪನ ಮುಖ ಹೇಗಾಗುತ್ತದೆ ಎಂಬುದೂ ಗೊತ್ತು. ಬೆಂಗಳೂರಿನವನು ಕಾರಿನಲ್ಲಿ ಬಂದು ಒಂದು ತಾಸು ನಿಂತು ಹೋದರೆ ಇದು ಸಿಕ್ಕೀತೇ? ಮಮದಾಪುರದ ಹಳೇ ಕೆರೆ, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ದನದ ಸಂತೆ, ಇಬ್ರಾಹಿಂ ರೋಜಾದ ನೆರಳಿನಲ್ಲಿ ಪರೀಕ್ಷೆಗೆ ಓದುವ ಹುಡುಗರು, ಇವೆಲ್ಲ ಇವನ ತಿಜೋರಿ. ಬೆಂಗಳೂರಿನಲ್ಲಿ ಬಾಡಿಗೆಗಿದ್ದರೂ ಇವನು ಮಾರಬೇಕಾದ ಮಾಲು ಇಲ್ಲಿಯದೇ.

ಆ ಮಾಲಿಗೆ ಊರಲ್ಲೇ ಬೆಲೆ ಇಲ್ಲದಿದ್ದರೆ?

ಹಳೆಯ ರೂಢಿ

ಈ ಊರಿಗೆ ಕ್ಯಾಮೆರಾ ಬಂದದ್ದು ನಿನ್ನೆ ಮೊನ್ನೆ ಅಲ್ಲ. 1855ರಷ್ಟು ಹಿಂದೆಯೇ ಮುಂಬಯಿ ಸರಕಾರ ಬಿಗ್ಸ್ ಎಂಬ ಸೈನ್ಯಾಧಿಕಾರಿಯನ್ನು ಸರಕಾರಿ ಛಾಯಾಗ್ರಾಹಕನನ್ನಾಗಿ ನೇಮಿಸಿ ಬಿಜಾಪುರ, ಬಾದಾಮಿ, ಐಹೊಳೆ ಸುತ್ತಿಸಿತ್ತು. 1866ರಲ್ಲಿ ಬಿಜಾಪುರದ ಕಟ್ಟಡಗಳ ಬಗ್ಗೆ ಲಂಡನ್ನಿನಲ್ಲಿ ಒಂದು ಭಾರೀ ಪುಸ್ತಕ ಬಂತು. ಇತಿಹಾಸ ಬರೆದವರು ಮೆಡೋಸ್ ಟೇಲರ್, ಕಟ್ಟಡಗಳ ಟಿಪ್ಪಣಿ ಫರ್ಗ್ಯುಸನ್ ಅವರದು. ಫೋಟೋ ತೆಗೆದ ಬಿಗ್ಸ್ ಮತ್ತು ಲಾಕ್ ಇಬ್ಬರ ಹೆಸರೂ ಪುಸ್ತಕದ ಮೊದಲ ಪುಟದಲ್ಲೇ ಇದೆ. ನಕಾಶೆ ಬರೆದ ಹಾರ್ಟ್, ಕಮಿಂಗ್ ಸಾಹೇಬರ ಹೆಸರೂ ಇದೆ. ಅವರ ಜೊತೆ ಕೂತು ಗುಮ್ಮಟ, ಕಮಾನು, ಬಳ್ಳಿಯ ಕೆತ್ತನೆ ಎಲ್ಲವನ್ನೂ ಗೆರೆ ಗೆರೆಯಾಗಿ ಬರೆದ ನಮ್ಮವರಿದ್ದರಲ್ಲ, ಅವರ ಹೆಸರು? “ದೇಶೀ ನಕಾಶೆಗಾರರು” ಎಂದಷ್ಟೇ ಇದೆ. ಎಷ್ಟು ಮಂದಿ, ಯಾರ ಮಕ್ಕಳು, ಏನೂ ಇಲ್ಲ.

ಸಾಹೇಬರು ಹೋದರು. ರೂಢಿ ಹೋಗಲಿಲ್ಲ. 2023ರ ಜನವರಿಯಲ್ಲಿ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಲಿಂಗೈಕ್ಯರಾದಾಗ ಈ ಊರಲ್ಲಿ ಸೇರಿದ ಜನಸಾಗರದ ಚಿತ್ರಗಳು ನಿಮ್ಮ ಮೊಬೈಲಿಗೂ ಬಂದಿರಬೇಕು. ಅದರಲ್ಲಿ ಒಂದನ್ನಾದರೂ ತೆಗೆದವರು ಯಾರು ಎಂದು ಹೇಳಬಲ್ಲಿರಾ? ನಾನು ಹೇಳಲಾರೆ.

ಕಾಯ್ದೆ ಏನನ್ನುತ್ತದೆ

ಫೋಟೋಕ್ಕೆ ರೊಕ್ಕ ಕೇಳುವುದು ಭಿಕ್ಷೆಯಲ್ಲ, ಹಕ್ಕು. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಫೋಟೋ ಒಂದು ಕಲಾಕೃತಿ, ಅದರ ಮೊದಲ ಒಡೆಯ ತೆಗೆದವನೇ. ಇದಕ್ಕೆ ಎರಡು ಮುಖ್ಯ ಹೊರತುಗಳು. ಪತ್ರಿಕೆಯ ನೌಕರನಾಗಿ ತೆಗೆದರೆ ಪತ್ರಿಕೆಯಲ್ಲಿ ಪ್ರಕಟಿಸುವ ಹಕ್ಕು ಮಾಲೀಕನದು. ಯಾರೋ ರೊಕ್ಕ ಕೊಟ್ಟು ತೆಗೆಸಿದರೆ, ಬೇರೆ ಕರಾರು ಇಲ್ಲದಾಗ, ಹಕ್ಕು ತೆಗೆಸಿದವರದು. ಅಂದರೆ ಮದುವೆಯ ಫೋಟೋ ಮದುವೆ ಮನೆಯವರದು. ಇದನ್ನು ಫೋಟೋದವರೂ ನೆನಪಿಡಬೇಕು, ಮಂದಿಯ ಮನೆಯ ಹೆಣ್ಣುಮಕ್ಕಳ ಚಿತ್ರವನ್ನು ಕೇಳದೆ ಜಾಹೀರಾತಿಗೆ ಹಾಕುವಂತಿಲ್ಲ.

ಹಕ್ಕು ಬಿಟ್ಟುಕೊಡುವುದಿದ್ದರೆ ಬರಹದಲ್ಲಿ, ಸಹಿ ಸಮೇತ ಇರಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದೇ ವರ್ಷ. ಹಕ್ಕು ಮಾರಿದ ಮೇಲೂ “ಇದು ನಾನು ತೆಗೆದದ್ದು” ಎಂದು ಹೇಳಿಕೊಳ್ಳುವ ಹಕ್ಕು ಕಾಯ್ದೆಯ 57ನೇ ಕಲಮಿನಲ್ಲಿ ಉಳಿದೇ ಇದೆ. 2012ರ ತಿದ್ದುಪಡಿಯ ನಂತರ ಫೋಟೋದ ಹಕ್ಕು ತೆಗೆದವನ ಜೀವಮಾನ ಮತ್ತು ಅವನ ನಂತರ 60 ವರ್ಷ ಇರುತ್ತದೆ. ಫ್ಲೆಕ್ಸಿನವರಿಗೆ ಮಾತ್ರ ಅದು ಎರಡು ನಿಮಿಷದ ಡೌನ್‌ಲೋಡು!

“ಈಗ ಎಲ್ಲಾರ ಕೈಯಾಗೂ ಮೊಬೈಲ್ ಐತ್ರಿ, ಫೋಟೋಕ್ಕೇನು ಬೆಲೆ?” ಎನ್ನುವವರಿದ್ದಾರೆ. ಸರಿ ಸ್ವಾಮಿ, ನಿಮ್ಮ ಮೊಬೈಲಿನ ಫೋಟೋವನ್ನೇ ಹಾಕಿಕೊಳ್ಳಿ. ಅವನದ್ದೇ ಯಾಕೆ ಬೇಕಾಯಿತು? ಬೇಕಾಯಿತು ಅಂದಮೇಲೆ ಬೆಲೆ ಇದೆ ಅಂತಲೇ ಅರ್ಥ.

ಮೊದಲು ನಮ್ಮ ಮನೆ

ಈಗ ತಲೆ ತಗ್ಗಿಸಿದ ಕಾರಣ. ಹೋದ ವರ್ಷ ಜಾತ್ರೆಯ ದಿನ ಇದೇ ಹುಡುಗ ನನಗೆ ಒಂದು ಚಿತ್ರ ಕೊಟ್ಟಿದ್ದ. ಎತ್ತಿನ ಕೋಡಿಗೆ ಬಣ್ಣ ಹಚ್ಚುವ ಮುದುಕನ ಚಿತ್ರ. ಇದೇ ಅಂಕಣದ ಪಕ್ಕದಲ್ಲಿ ಅಚ್ಚಾಯಿತು. ಕೆಳಗೆ ಹೆಸರಿಲ್ಲ. ರೊಕ್ಕವೂ ಇಲ್ಲ. ಒಂದು ಚಹಾ ಕುಡಿಸಿ “ಭಾಳ ಚಲೋ ಬಂದೈತಿ” ಅಂದಿದ್ದೆ. ಅವನನ್ನು ಬಾಯಿ ತೆರೆಯದಂತೆ ಮಾಡಿದವರ ಸಾಲಿನಲ್ಲಿ ಫ್ಲೆಕ್ಸಿನವರಿಗಿಂತ ಮುಂದೆ ನಿಂತವನು ನಾನು.

ಸಂಜೆ ಪತ್ರಿಕೆ ಬಡಪಾಯಿ, ರೊಕ್ಕ ಎಲ್ಲಿಂದ ತರಬೇಕು ಎಂದು ನಮ್ಮ ಕಚೇರಿಯಲ್ಲೇ ಕೇಳುತ್ತಾರೆ. ಕಾಗದಕ್ಕೆ ಕೊಡುತ್ತೇವೆ, ಮಸಿಗೆ ಕೊಡುತ್ತೇವೆ, ಕರೆಂಟು ಬಿಲ್ಲು ಕಟ್ಟುತ್ತೇವೆ. ಪುಟದ ಕಾಲು ಭಾಗ ತುಂಬುವ ಚಿತ್ರಕ್ಕೆ ಮಾತ್ರ ಕಿಸೆ ಖಾಲಿಯೇ? ನೂರೋ ಇನ್ನೂರೋ, ಶಕ್ತ್ಯಾನುಸಾರ ಒಂದು ದರ ಗೊತ್ತುಮಾಡಿ ಗೋಡೆಗೆ ಅಂಟಿಸಬೇಕು. ಅಚ್ಚಾದ ತಿಂಗಳೊಳಗೆ ಕೊಡಬೇಕು. ಹೆಸರು ಹಾಕಲು ಒಂದು ಪೈಸೆಯೂ ಬೇಕಿಲ್ಲ.

ಕ್ಯಾಲೆಂಡರ್ ಹಾಕಿಸುವ ಸಂಘಗಳು, ಕರಪತ್ರ ತೆಗೆಯುವ ಕಚೇರಿಗಳು, ಗೋಡೆಯ ತುಂಬ ಗುಂಬಜ ಅಂಟಿಸುವ ಹೋಟೆಲಿನವರು, ಎಲ್ಲರಿಗೂ ಇದೇ ಮಾತು. ಕೇಳಿ ತೆಗೆದುಕೊಳ್ಳಿ, ಕೊಟ್ಟು ತೆಗೆದುಕೊಳ್ಳಿ, ಹೆಸರು ಹಾಕಿ.

ಫೋಟೋದ ಹುಡುಗರಿಗೂ ಒಂದು ಮಾತು. ಚಿತ್ರ ಕೊಡುವಾಗ ಯಾವ ಕೆಲಸಕ್ಕೆ, ಎಷ್ಟು ರೊಕ್ಕಕ್ಕೆ, ಎಷ್ಟು ದಿನಕ್ಕೆ ಎಂದು ಮೂರು ಸಾಲು ಬರೆಸಿಕೊಳ್ಳಿ. ಮೂಲ ಫೈಲು ಕೈಬಿಡಬೇಡಿ. ಬೆಂಗಳೂರಿಗೆ ಹೋಗುವವರು ಆರು ತಿಂಗಳ ಬಾಡಿಗೆ, ಊಟದ ರೊಕ್ಕ ಕಟ್ಟಿಕೊಂಡು ಹೋಗಿ. ಊರಿನ ಮದುವೆ ಗಿರಾಕಿಗಳನ್ನು ಪೂರಾ ಬಿಡಬೇಡಿ, ಒಂದು ಲಗ್ನದ ಸೀಜನ್ ಎಷ್ಟೋ ತಿಂಗಳ ಬಾಡಿಗೆ ತೀರಿಸುತ್ತದೆ.

ಹುಡುಗ ಬರುವ ತಿಂಗಳು ಹೊರಡುತ್ತಾನಂತೆ. ನಿನ್ನೆ ಕಚೇರಿಗೆ ಬಂದಿದ್ದ. ಜಾತ್ರೆಯ ಚಿತ್ರದ ಇನ್ನೂರು ರೂಪಾಯಿ ಕೊಡಲು ಹೋದೆ. “ಇರ್ಲಿ ಬಿಡ್ರಿ ಕಾಕಾ” ಅಂದ. ಬಬಲೇಶ್ವರದ ಮಾಮಾ ಹೇಳಿದ್ದು ನೆನಪಿಸಿದೆ. ನಕ್ಕು ತೆಗೆದುಕೊಂಡ. ಆಮೇಲೆ ಮೆಲ್ಲಗೆ, “ರಶೀದಿಗೆ ಸಹಿ ಮಾಡಬೇಕೇನ್ರಿ?” ಅಂದ.

ಮಾಡಿಸಿಕೊಂಡೆ. ಇನ್ನು ಈ ಅಂಕಣದ ಪಕ್ಕ ಚಿತ್ರ ಬಂದು, ಕೆಳಗೆ ಹೆಸರಿಲ್ಲದಿದ್ದರೆ, ಓದುಗರು ಕಚೇರಿಗೆ ಬಂದು ನನ್ನನ್ನೇ ಕೇಳಲಿ. ಚಹಾ ಕುಡಿಸಿ ಕಳಿಸುವುದಿಲ್ಲ, ಉತ್ತರ ಕೊಡುತ್ತೇನೆ.