ಯಂತ್ರ ಬೇರೆಯಾದರೂ ಲೆಕ್ಕ ಒಂದೇ ಇರಲಿ

ಬೈಲಹೊಂಗಲದ ಹತ್ತಿ ಪೇಟೆ, ಹೆದ್ದಾರಿ ಬದಿಯ ಕಿತ್ತೂರಿನ ಮಳಿಗೆಗಳು, ಯಲ್ಲಮ್ಮನ ಗುಡ್ಡದ ಜಾತ್ರೆಯನ್ನು ನೆಚ್ಚಿದ ಸವದತ್ತಿಯ ವ್ಯಾಪಾರ, ರಾಮದುರ್ಗದ ನೇಕಾರಿಕೆ, ಇವೆಲ್ಲವುಗಳ ಲೆಕ್ಕ ಇಂದು ಕೆಂಪು ವಹಿಯಿಂದ ಗಣಕಯಂತ್ರಕ್ಕೆ ಸಾಗಿದೆ. ಆದರೆ ಒಂದೇ ಅಂಗಡಿಯ ಯಂತ್ರಗಳೂ ಈಗ ಒಂದೇ ಬಗೆಯವಾಗಿ ಉಳಿದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಒಗ್ಗದ ಹಳೆಯ ಯಂತ್ರಗಳನ್ನು ಎಸೆಯಲೊಪ್ಪದವರಿಗೆ ಉಚಿತವಾದ ಲಿನಕ್ಸ್ ಒಂದು ದಾರಿ. ಟ್ಯಾಲಿಗಾಗಿ ಒಂದು ವಿಂಡೋಸ್ ಯಂತ್ರ ಇರಲೇಬೇಕು. ಪಟ್ಟಣದಲ್ಲಿ ಕಲಿತು ಬಂದ ಮಕ್ಕಳ ಕೈಯಲ್ಲಿ ಮ್ಯಾಕ್ ಇದ್ದರೂ ಆಶ್ಚರ್ಯವಿಲ್ಲ. ಇವುಗಳ ನಡುವೆ ಕಡತಗಳ ವಿನಿಮಯ ಹೇಗೆ ಎಂಬುದೇ ಈಗಿನ ಪ್ರಶ್ನೆ.

ಯಂತ್ರಗಳನ್ನು ಜೋಡಿಸುವುದು ಇಂದು ಕಷ್ಟದ ಕೆಲಸವಲ್ಲ. ವಿಂಡೋಸ್ ಯಂತ್ರಗಳು ಕಡತ ಹಂಚಿಕೊಳ್ಳಲು ಬಳಸುವ ಎಸ್‌ಎಂಬಿ ಎಂಬ ಪದ್ಧತಿಯನ್ನು ಇತರ ವ್ಯವಸ್ಥೆಗಳಿಗೂ ತಲುಪಿಸಿದ್ದು ಸಾಂಬಾ ಎಂಬ ಮುಕ್ತ ತಂತ್ರಾಂಶ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಇದರ ಕೆಲಸವನ್ನು 1991ರಲ್ಲಿ ಆರಂಭಿಸಿದರು. ಮ್ಯಾಕ್ ಕೂಡ 2013ರಿಂದ ಇದೇ ಪದ್ಧತಿಯನ್ನು ಮುಖ್ಯವಾಗಿ ಅನುಸರಿಸುತ್ತಿದೆ. ಹೀಗಾಗಿ ಕಡತವು ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುತ್ತದೆ. ಹೋದ ಕಡತವನ್ನು ಅಲ್ಲಿ ಓದಲು ಬರುತ್ತದೆಯೇ ಎಂಬುದು ಬೇರೆಯೇ ಮಾತು.

ಈ ತೊಂದರೆ ಕನ್ನಡದಲ್ಲಿ ಲೆಕ್ಕ ಬರೆಯುವವರಿಗೆ ಹೆಚ್ಚು. 1998ರಲ್ಲಿ ಬಂದ 'ಬರಹ', ಬಳಿಕ ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೆ ಅವುಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರಗಳನ್ನು ತೊಡಿಸಲಾಗಿತ್ತು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ರೈತನ ಹೆಸರಿದ್ದೆಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಮೊಬೈಲಿನಲ್ಲಿಯೂ ಅದೇ ಪಾಡು. ಪ್ರತಿ ಕನ್ನಡ ಅಕ್ಷರಕ್ಕೂ ಅದರದ್ದೇ ಸಂಕೇತ ನೀಡಿದ ಯೂನಿಕೋಡ್ 1991ರಲ್ಲಿಯೇ ಪ್ರಕಟವಾಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡದ ಯೂನಿಕೋಡ್ ಅಕ್ಷರ 'ತುಂಗಾ' ಇತ್ತು. ಆದರೂ ಹಳೆಯ ರೂಢಿಯಲ್ಲಿ ಬೆರಳಚ್ಚಿಸಿದ ಖಾತೆದಾರರ ಪಟ್ಟಿಗಳು ಇನ್ನೂ ಉಳಿದಿವೆ.

ಅಂಕಿಗಳೂ ಈ ತೊಡಕಿನಿಂದ ಹೊರತಲ್ಲ. ಮ್ಯಾಕಿನ ಹಳೆಯ ಎಕ್ಸೆಲ್ ದಿನಾಂಕಗಳನ್ನು 1904ರಿಂದ ಎಣಿಸುತ್ತಿತ್ತು, ವಿಂಡೋಸಿನದು 1900ರಿಂದ. ಅಂತಹ ಹಳೆಯ ಹಾಳೆಯಿಂದ ದಿನಾಂಕಗಳನ್ನು ಹೊಸ ಹಾಳೆಗೆ ನಕಲಿಸಿದರೆ 1462 ದಿನಗಳ, ಅಂದರೆ 4 ವರ್ಷ 1 ದಿನದ ವ್ಯತ್ಯಾಸ ಬರಬಹುದು. ಉದ್ರಿ ಬಾಕಿಯ ಅವಧಿ ಲೆಕ್ಕ ಹಾಕುವವರಿಗೆ ಇದು ಸಣ್ಣ ದೋಷವಲ್ಲ. ಸಿಎಸ್‌ವಿ ಕಡತವನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದರೆ ಬ್ಯಾಂಕ್ ಖಾತೆ ಸಂಖ್ಯೆಯ ಮೊದಲಿನ ಸೊನ್ನೆಗಳು ಅಳಿಯುತ್ತವೆ. ನೇಕಾರರ ಮಜೂರಿ ಜಮಾ ಮಾಡುವ ಪಟ್ಟಿಯಲ್ಲಿ ಹೀಗಾದರೆ ಹಣ ಸಲ್ಲಬೇಕಾದವರಿಗೆ ಸಲ್ಲುವುದಿಲ್ಲ.

ಎಲ್ಲರೂ ಒಂದೇ ಬಗೆಯ ಯಂತ್ರ ಕೊಳ್ಳಲಿ ಎಂಬ ಸಲಹೆ ಕೇಳಿಬರುತ್ತದೆ. ಅಂಗಡಿಯೊಳಗೆ ಅದು ಸಾಧ್ಯವಾದೀತು. ಆದರೆ ಬ್ಯಾಂಕು, ಲೆಕ್ಕಪರಿಶೋಧಕರು, ಹೊರ ಊರಿನ ಖರೀದಿದಾರರು ಯಾವ ಯಂತ್ರ ಬಳಸಬೇಕೆಂದು ವ್ಯಾಪಾರಿ ನಿರ್ಧರಿಸಲಾರ. ಅವನ ಕೈಯಲ್ಲಿರುವುದು ಕಡತದ ರೂಪ ಮಾತ್ರ. ಆದ್ದರಿಂದ ಏಕರೂಪತೆ ಬೇಕಾದುದು ಕಡತಕ್ಕೆ ಹೊರತು ಯಂತ್ರಕ್ಕಲ್ಲ.

ಕಾನೂನಿನ ಅಪೇಕ್ಷೆಯೂ ಇದೇ ಆಗಿದೆ. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನ ಪ್ರಕಾರ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕು. 57ನೇ ನಿಯಮವು ವಿದ್ಯುನ್ಮಾನ ದಾಖಲೆಗಳಿಗೆ ಪ್ರತಿ ಇಡಬೇಕೆಂದೂ, ಕೇಳಿದಾಗ ಅವನ್ನು ಕಾಗದದಲ್ಲಿ ಅಥವಾ ಓದಬಲ್ಲ ವಿದ್ಯುನ್ಮಾನ ರೂಪದಲ್ಲಿ ಒದಗಿಸಬೇಕೆಂದೂ ಹೇಳುತ್ತದೆ. ಕಡತದ ಪಾಸ್‌ವರ್ಡ್, ಬಳಸಿದ ಸಂಕೇತಗಳ ವಿವರಣೆಯನ್ನೂ ಕೊಡಬೇಕು. ಕಡತ ಇದೆ, ಆದರೆ ತೆರೆಯುತ್ತಿಲ್ಲ ಎಂಬ ಉತ್ತರದಿಂದ ಈ ಹೊಣೆ ತೀರದು.

ಇದಕ್ಕೆ ಬೇಕಾದುದು ಹೆಚ್ಚಿನ ವೆಚ್ಚವಲ್ಲ, ಶಿಸ್ತು. ಕನ್ನಡವನ್ನು ಯೂನಿಕೋಡ್‌ನಲ್ಲಿಯೇ ಬರೆಯಬೇಕು. ಹಳೆಯ ಪಟ್ಟಿಗಳನ್ನು ಪರಿವರ್ತಕದ ಮೂಲಕ ಬದಲಿಸಿ, ಪ್ರತಿ ಹೆಸರನ್ನೂ ಮೂಲದೊಡನೆ ತಾಳೆ ನೋಡಬೇಕು. ವರ್ಷಾಂತ್ಯದಲ್ಲಿ ಟ್ಯಾಲಿಯ ದತ್ತಾಂಶದ ಜೊತೆಗೆ ಖಾತೆಗಳ ಪಿಡಿಎಫ್ ಮತ್ತು ಎಕ್ಸೆಲ್ ಪ್ರತಿಗಳನ್ನೂ ತೆಗೆದಿಡಬೇಕು. ಖಾತೆ ಸಂಖ್ಯೆಗಳನ್ನು ಅಂಕಿಯಾಗಿ ಅಲ್ಲ, ಪಠ್ಯವಾಗಿ ನಮೂದಿಸಬೇಕು. ಹಂಚಿಕೊಂಡ ಕಡತಕೋಶಕ್ಕೆ ಪಾಸ್‌ವರ್ಡ್ ಇರಬೇಕು. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಕಡತಗಳನ್ನು ಒತ್ತೆ ಹಿಡಿದ ವಾನ್ನಕ್ರೈ ಹರಡಿದ್ದು ಎಸ್‌ಎಂಬಿಯ ಮೊದಲ ಆವೃತ್ತಿಯ ದೋಷದ ಮೂಲಕ. ಹಳೆಯ ಯಂತ್ರವೊಂದನ್ನು ಜೋಡಿಸುವ ಸಲುವಾಗಿ ಆ ಆವೃತ್ತಿಗೆ ಮತ್ತೆ ಚಾಲನೆ ಕೊಡಬಾರದು. ಒಂದು ಪ್ರತಿಯಂತೂ ಜಾಲಕ್ಕೆ ಜೋಡಿಸದೆ ಬೇರೆಡೆ ಇರಲೇಬೇಕು.

ಮುಂಬೈ ಪ್ರಾಂತದ ಕಾಲದ ಮೋಡಿ ಲಿಪಿಯ ಕಾಗದಪತ್ರಗಳು ಈ ಭಾಗದ ಹಳೆಯ ಮನೆತನಗಳಿಗೆ ಹೊಸವಲ್ಲ. ಕಾಗದ ಗಟ್ಟಿಯಾಗಿದ್ದರೂ ಓದಬಲ್ಲವರು ವಿರಳರಾದರು. ಆ ಲಿಪಿ ಮರೆಯಾಗಲು ತಲೆಮಾರುಗಳೇ ಬೇಕಾದವು. ಗಣಕದ ಕಡತಕ್ಕೆ ಅಷ್ಟು ಕಾಲ ಬೇಕಿಲ್ಲ, ಒಂದು ಯಂತ್ರ ಬದಲಾದರೆ ಸಾಕು. ಹೊಸ ಯಂತ್ರ ಕೊಳ್ಳುವ ಮೊದಲು ಹಳೆಯ ಲೆಕ್ಕ ಅದರಲ್ಲಿ ತೆರೆಯುತ್ತದೆಯೇ ಎಂದು ಪರೀಕ್ಷಿಸುವುದು ಪ್ರತಿಯೊಬ್ಬ ವ್ಯಾಪಾರಸ್ಥನ, ಉದ್ದಿಮೆದಾರನ ಕರ್ತವ್ಯವಾಗಿದೆ.