ತೂತು ಹೊಂದಿದರೆ ಸಾಲದು

ಕಳಸದ ಕಡೆಯಿಂದ ಕ್ಯಾತನಮಕ್ಕಿಗೆ, ಅತ್ತಿಗುಂಡಿಯಿಂದ ಝರಿ ಜಲಪಾತಕ್ಕೆ ಪ್ರವಾಸಿಗರನ್ನು ಹತ್ತಿಸಿಕೊಂಡು ಹೋಗುವ ಜೀಪುಗಳಿಗಾಗಲಿ, ಮೂಡಿಗೆರೆಯ ತೋಟಗಳಲ್ಲಿ ಗೊಬ್ಬರದ ಮೂಟೆ ಹೊರುವ ಜೀಪುಗಳಿಗಾಗಲಿ ಚಕ್ರಕ್ಕೆ ಕಬ್ಬಿಣದ ಡಿಸ್ಕೇ ಸರಿ. ಬಂಡೆಗೆ ಬಡಿದಾಗ ಅಲಾಯ್ ಬಿರುಕು ಬಿಡಬಹುದು. ಕಬ್ಬಿಣ ಸಾಮಾನ್ಯವಾಗಿ ಬಾಗುತ್ತದೆ, ಅಂಚನ್ನು ಬಡಿದು ತಿದ್ದಿ ಹೇಗೋ ಊರು ಸೇರಬಹುದು. ಆದರೆ ಹೊರಗೆ ಕೊಂಡ ಡಿಸ್ಕನ್ನು ಏರ್ ಗನ್ನಿನಿಂದ ಬಿಗಿದು ಐದೇ ನಿಮಿಷದಲ್ಲಿ ಕಳಿಸಿಬಿಟ್ಟರೆ ಆ ಗಟ್ಟಿತನ ಯಾವ ಉಪಯೋಗಕ್ಕೂ ಬರುವುದಿಲ್ಲ. ಬಾಡಿಗೆ ಜೀಪುಗಳ ಮಟ್ಟಿಗಾದರೂ ಚಕ್ರ ಕೂರಿಸಲು, ಬಿಗಿಯುವ ಬಲವನ್ನು ಅಳೆದು ಕೊಡುವ ಟಾರ್ಕ್ ರೆಂಚ್ ಕಡ್ಡಾಯವಾಗಬೇಕು.

ಹಳೆಯ ವಿಲ್ಲೀಸ್ ಮಾದರಿಯ ಜೀಪು, ಜಿಪ್ಸಿ, ಜಿಮ್ನಿ ಮೂರಕ್ಕೂ 139.7 ಮಿ.ಮೀ. ವೃತ್ತದಲ್ಲಿ ಐದು ತೂತು. ಹಾಗಾಗಿ ಒಂದರ ಡಿಸ್ಕ್ ಇನ್ನೊಂದಕ್ಕೆ ಏರುತ್ತದೆ, ಏರಿತೆಂದೇ ಮಾರಾಟವೂ ಆಗುತ್ತದೆ. ಆದರೆ ಆಫ್‌ಸೆಟ್ ಬೇರೆಯಾಗಿ ಚಕ್ರ ಹೊರಚಾಚಿದರೆ ಬೇರಿಂಗಿನ ಮೇಲೆ ಹೊರೆ ಹೆಚ್ಚುತ್ತದೆ, ಸ್ಟೀರಿಂಗ್ ಎಳೆಯುತ್ತದೆ. ನಟ್ಟಿನ ಮೂತಿ ಡಿಸ್ಕಿನ ಕುಳಿಗೆ ಸರಿಯಾಗಿ ಕೂರದಿದ್ದರೆ ಎಷ್ಟು ಬಿಗಿದರೂ ಹಿಡಿತ ಸಿಗದು. ಇನ್ನೂ ಸೂಕ್ಷ್ಮವಾದದ್ದು ಬಣ್ಣ. ಹೊಸ ಡಿಸ್ಕಿನ ಕುಳಿಯಲ್ಲಿ ದಪ್ಪಗೆ ಮೆತ್ತಿದ ಪೇಂಟು, ಹಬ್ಬಿನ ಮುಖದ ಮೇಲಿನ ತುಕ್ಕು, ಒಣಗಿದ ಕೆಸರು ನಾಲ್ಕು ಗುಂಡಿ ಹಾರುವಷ್ಟರಲ್ಲಿ ಅದುಮಿಕೊಂಡು ತೆಳುವಾಗುತ್ತವೆ. ಅಷ್ಟರ ಮಟ್ಟಿಗೆ ನಟ್ಟು ಸಡಿಲ. ಹಬ್ಬನ್ನು ವೈರ್ ಬ್ರಷ್‌ನಿಂದ ಉಜ್ಜಿ, ನಟ್ಟುಗಳನ್ನು ಮೊದಲು ಕೈಯಲ್ಲೇ ತಿರುಗಿಸಿ, ನಕ್ಷತ್ರದ ಕ್ರಮದಲ್ಲಿ ಹಂತಹಂತವಾಗಿ ಬಿಗಿದು, ಜಾಕ್ ಇಳಿಸಿದ ಮೇಲೆ ಕಂಪನಿಯ ಕೈಪಿಡಿ ಹೇಳಿದಷ್ಟೇ ಬಲ ಕೊಡಬೇಕು. ಜಿಮ್ನಿಗೆ ಅದು 100 ನ್ಯೂಟನ್ ಮೀಟರ್. ಗನ್ನಿಗೆ ಈ ಲೆಕ್ಕ ತಿಳಿಯದು. ಅತಿಯಾಗಿ ಬಿಗಿದು ಸ್ಟಡ್ಡನ್ನೇ ಹಿಗ್ಗಿಸಿಬಿಡಬಹುದು.

ಮಲೆನಾಡಿನ ಮೇಸ್ತ್ರಿಗಳು ಕೈ ಅಂದಾಜಿನಲ್ಲೇ ದಶಕಗಟ್ಟಲೆ ಜೀಪು ಓಡಿಸಿಲ್ಲವೇ ಎಂಬ ಪ್ರಶ್ನೆಗೆ ತೂಕವಿದೆ. ವಿಲ್ಲೀಸಿನ ಎಡಚಕ್ರಗಳ ನಟ್ಟಿಗೆ ಉಲ್ಟಾ ಥ್ರೆಡ್ ಇರುತ್ತದೆಂದು ಪುಸ್ತಕ ನೋಡದೆ ಬಲ್ಲ ಕೈಗಳವು. ಆದರೆ ಆ ಅಂದಾಜು ಪಳಗಿದ್ದು ಕಂಪನಿಯದೇ ಡಿಸ್ಕು, ಕಂಪನಿಯದೇ ನಟ್ಟು, ಕಿರಿದಾದ ಟೈರಿನ ಮೇಲೆ. ಅಗಲದ ಟೈರು, ಬೇರೆ ಆಫ್‌ಸೆಟ್ ಬಂದಮೇಲೆ ಅದೇ ಅಂದಾಜನ್ನು ನೆಚ್ಚಿಕೊಳ್ಳುವುದು ಮೇಸ್ತ್ರಿಗೂ ನ್ಯಾಯವಲ್ಲ. ಇನ್ನು ಖರ್ಚಿನ ಮಾತು: ಒಂದು ರೆಂಚ್ ಒಂದು ಗ್ಯಾರೇಜಿಗೆ ವರ್ಷಗಟ್ಟಲೆ ಬರುತ್ತದೆ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರ ಮೀರಿದ ಮಾರ್ಪಾಡು ಸಲ್ಲದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ಆದ್ದರಿಂದ ಡಿಸ್ಕಿನ ಅಳತೆ ಕಂಪನಿಯದೇ ಇರಲಿ. ಚಕ್ರ ಕೂರಿಸಿದ ಮೇಲೆ ಮೊದಲ ನೂರು ಕಿಲೋಮೀಟರ್ ಒಳಗೆ ಗಾಡಿಯನ್ನು ಮತ್ತೆ ಕರೆಸಿ ನಟ್ಟು ಪರೀಕ್ಷಿಸುವುದು ಗ್ಯಾರೇಜಿನ ಹೊಣೆ. ಪ್ರವಾಸಿಗರನ್ನು ಒಯ್ಯುವ ಜೀಪುಗಳ ಎಫ್‌ಸಿ ಮಾಡುವಾಗ ಆರ್‌ಟಿಒ ಅಧಿಕಾರಿಗಳು ಬ್ರೇಕು, ದೀಪಗಳ ಜೊತೆಗೆ ಚಕ್ರದ ನಟ್ಟಿಗೂ ರೆಂಚ್ ಹಿಡಿದು ನೋಡಲಿ.