ಎಲೆಯೊಳಗಿನ ಬೂಷ್ಟಿಗೆ ಖಾತೆ ಬರೆದವರಾರು?

ನಮ್ಮ ಸೀಮೆಯ ಸಂಪತ್ತು ಯಾವುದೆಂದು ಶಹಾಬಾದಿನಲ್ಲಿ ಕೇಳಿರಿ, ಫರಸಿ ಕಲ್ಲು ಅಂತಾರೆ. ವಾಡಿ, ಸೇಡಂನಲ್ಲಿ ಸಿಮೆಂಟು. ಚಿತ್ತಾಪುರದಲ್ಲಿ ತೊಗರಿ. ಬೂಷ್ಟು ಅಂದವರನ್ನು ನಾವಂತೂ ಕಂಡಿಲ್ಲ! ಆದರೆ ವಿಜ್ಞಾನಿಗಳು ಈಗ ಅದರ ಬೆನ್ನು ಹತ್ತಿದ್ದಾರೆ.

ಇದು ಹಳಸಿದ ರೊಟ್ಟಿಯ ಮೇಲಿನ ಬೂಷ್ಟಲ್ಲ. ಹಸಿರು ಗಿಡದ ಎಲೆ, ಕಾಂಡ, ಬೇರುಗಳ ಒಳಗೆ ಬಾಡಿಗೆದಾರನಂತೆ ವಾಸಿಸುವ ಶಿಲೀಂಧ್ರ. ಗಿಡಕ್ಕೆ ರೋಗ ತರುವುದಿಲ್ಲ. ಕೆಲವಂತೂ ಬಾಡಿಗೆ ಕೊಟ್ಟಂತೆ ಕೀಟ, ರೋಗಗಳನ್ನು ದೂರವಿಡುವ ರಸಾಯನ ತಯಾರಿಸುತ್ತವೆ. ಅದೇ ರಸಾಯನ ಮನುಷ್ಯನಿಗೂ ಔಷಧಿಯಾದೀತೇ ಎಂಬುದೇ ಹುಡುಕಾಟ.

ತೊಗರಿಯನ್ನೇ ನೋಡಿ. ನೆಟೆರೋಗ ತರುವ ಫ್ಯುಸೇರಿಯಂ ನಮ್ಮ ರೈತನ ವೈರಿ. ಅದೇ ಕುಲದ ಬೇರೆ ಶಿಲೀಂಧ್ರಗಳು ತೊಗರಿ ಗಿಡದೊಳಗೆ ತೆಪ್ಪಗಿದ್ದು, ತೊಗರಿ ಎಲೆಯ ಔಷಧೀಯ ಅಂಶವೊಂದನ್ನು ತಾವೂ ತಯಾರಿಸುತ್ತವೆಂದು ಚೀನಾದ ಸಂಶೋಧಕರು ವರದಿ ಮಾಡಿದ್ದಾರೆ.

ಇನ್ನೊಂದು ಕಥೆ ಸಹ್ಯಾದ್ರಿಯದು. ಮರಾಠಿಯವರು ನರ್ಕ್ಯಾ ಎನ್ನುವ ಮರದಲ್ಲಿ ಕ್ಯಾನ್ಸರ್ ಔಷಧಿಗೆ ಬೇಕಾದ ಕ್ಯಾಂಪ್ಟೊಥೆಸಿನ್ ಇದೆ. ಅದಕ್ಕಾಗಿ ಮರಗಳೇ ನೆಲಕ್ಕುರುಳಿದವು. ಮರದೊಳಗಿನ ಶಿಲೀಂಧ್ರವೂ ಅದನ್ನು ತಯಾರಿಸುತ್ತದೆಂದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಕಂಡರು. ಹಾಗಾದರೆ ಮರ ಉಳಿಯಿತು ಅನ್ನೋಣವೇ? ಅವಸರ ಬೇಡ. ಪ್ರಯೋಗಶಾಲೆಯಲ್ಲಿ ಮರಳಿ ಮರಳಿ ಬೆಳೆಸಿದಂತೆ ಆ ಅಂಶ ಇಳಿಯುತ್ತ ಹೋಯಿತೆಂದು 2010ರಲ್ಲಿ ಅವರೇ ಬರೆದರು. ತವರು ಬಿಟ್ಟ ಶಿಲೀಂಧ್ರ ಕಸುಬು ಮರೆಯಿತು! ಅಂದಮೇಲೆ ಗಿಡ ಉಳಿಯಬೇಕು, ಕಾಡೂ ಉಳಿಯಬೇಕು.

ನಮ್ಮಲ್ಲಿ ಉಳಿದಿರುವ ಕಾಡೆಂದರೆ ಚಿಂಚೋಳಿಯದು. 2011ರಲ್ಲಿ ಅದು ವನ್ಯಜೀವಿಧಾಮವಾಯಿತು. ಸುಮಾರು 134 ಚದರ ಕಿಲೋಮೀಟರ್. ಅಲ್ಲಿ ಬಿಸಿಲು ತಡೆದು ನಿಂತ ಒಂದೊಂದು ಗಿಡದೊಳಗೂ ಇಂಥ ಬಾಡಿಗೆದಾರರಿದ್ದಾರೆ. ನಾಳೆ ಅದರಿಂದ ಔಷಧಿ ಹುಟ್ಟಿದರೆ ಲಾಭ ಯಾರಿಗೆ? ಗಿಡ ಕಾಯ್ದ ತಾಂಡಾದವರಿಗೋ, ಸೀಸೆಗೆ ಚೀಟಿ ಅಂಟಿಸಿದವರಿಗೋ?

2002ರ ಜೀವವೈವಿಧ್ಯ ಕಾಯ್ದೆಗೆ ಗಿಡ, ಪ್ರಾಣಿಗಳಷ್ಟೇ ಅಲ್ಲ, ಸೂಕ್ಷ್ಮಜೀವಿಗಳೂ ಸೇರಿವೆ. ಕೆಲವು ವಿನಾಯಿತಿ ಬಿಟ್ಟರೆ, ವ್ಯಾಪಾರಕ್ಕೆ ಬಳಸಿದವರು ಲಾಭದಲ್ಲಿ ಪಾಲು ಕೊಡಬೇಕು. ಪಂಚಾಯ್ತಿಗೊಂದು ಸಮಿತಿ ಇರಬೇಕು. ಊರಿನ ಗಿಡಮೂಲಿಕೆ, ಅದರ ತಿಳಿವಳಿಕೆ ಎಲ್ಲ ಒಂದು ವಹಿಯಲ್ಲಿ ದಾಖಲಾಗಬೇಕು.

ಖಾತೆ ಬರೆಯದ ಬಾಕಿ ವಸೂಲಾಗದೆಂದು ಅಂಗಡಿಕಾರರಿಗೆ ನಾವು ಹೇಳಬೇಕೇ? ಮುಂದಿನ ಗ್ರಾಮಸಭೆಯಲ್ಲಿ ಒಂದೇ ಮಾತು ಕೇಳಿರಿ: "ಸಾಹೇಬ್ರ, ಆ ವಹಿ ಎಲ್ಲದ? ಸ್ವಲ್ಪ ತೋರಸ್ರಿ."